ಒಂದು ಕಪ್ ಮೈದಾ ಅಂದರೆ ಎಷ್ಟು?

ಮಾರ್ಚ್ 4, ಸೋಮವಾರ

ಇಂದಿನಿಂದ ನಾನು ಗಡೀಪಾರಾದ ವ್ಯಕ್ತಿ. ಚರಿತ್ರೆ ಇದನ್ನು ಗಮನಿಸಲಿ.

ನನ್ನ ಮೇಲಿನ ಆರೋಪ ಇಷ್ಟು: ಕಾಲೇಜಿನ ಗಂಟೆ ಕೆಟ್ಟು ಮೂಲೆ ಸೇರಿದಾಗ ಅದರ ನಿಧನವಾರ್ತೆಯನ್ನು ಕಪ್ಪು ಅಂಚು ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಿದೆ. "ಮೃತರು ನಾಲ್ವರು ಪ್ರಿನ್ಸಿಪಾಲರನ್ನೂ ಲೆಕ್ಕವಿಲ್ಲದಷ್ಟು ಬೋರು ಪಾಠಗಳನ್ನೂ ಅಗಲಿದ್ದಾರೆ" ಎಂದು ಬರೆದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಮೈಕಿನಲ್ಲಿ ಮೌನಾಚರಣೆಗೂ ಕರೆ ಕೊಟ್ಟೆ. ಇಡೀ ಕಾಲೇಜು ಎದ್ದು ನಿಂತಿತು. ಪ್ರಿನ್ಸಿಪಾಲರೂ ತಲೆ ತಗ್ಗಿಸಿ ನಿಂತರು. ಯಾರು ಹೋದದ್ದು ಎಂದು ಆಮೇಲೆ ಪಕ್ಕದವರನ್ನು ಕೇಳಿದರಂತೆ. ನನ್ನ ಪತನ ಶುರುವಾದದ್ದು ಅಲ್ಲಿಂದ. ಮುಂದಿನ ಆದೇಶದವರೆಗೆ ಕಾಲೇಜಿನ ಗೇಟು ದಾಟಕೂಡದು.

"ಇವಳು ಮನೇಲಿದ್ರೆ ನನಗೂ ಒಂದು ನಿಧನವಾರ್ತೆ ಬರೀತಾಳೆ, ಎಲ್ಲಾದ್ರೂ ಬಿಟ್ಟು ಬನ್ನಿ" ಎಂದು ಅಮ್ಮ ತೀರ್ಪು ಕೊಟ್ಟಳು. ಅಪ್ಪ ನನ್ನನ್ನು ಅತ್ತೆಯ ಬೇಕರಿಗೆ ತಂದು ಬಿಟ್ಟರು. ಅತ್ತೆ ಅಂದರೆ ಅಪ್ಪನ ಅಕ್ಕ. ಕೆಳಗೆ ಬೇಕರಿ, ಮೇಲೆ ಮನೆ. ಬೀದಿಗೆ ಕಬ್ಬಿಣದ ಶಟರು, ಅದರ ಹಿಂದೆ ಗಾಜಿನ ಕಪಾಟು, ಅದರ ಹಿಂದೆ ಒಲೆಯ ಕೋಣೆ. ಮೂವತ್ತು ವರ್ಷದಿಂದ ಅತ್ತೆ ಆ ಕೋಣೆಯಲ್ಲೇ ಇದ್ದಾಳೆ. ಗಂಡ ಬಂದ, ಹೋದ. ಒಲೆ ಮಾತ್ರ ಉಳಿಯಿತು. ಇದು ಅವಳದೇ ಮಾತು, ನನ್ನದಲ್ಲ.

ದಾರಿಯಲ್ಲಿ ಅಪ್ಪ ನನಗೆ ಒಂದು ಗುಪ್ತ ಹುದ್ದೆ ಕೊಟ್ಟರು.

"ಅಕ್ಕನ ಕಣ್ಣು ಕೆಟ್ಟಿದೆ. ಡಾಕ್ಟರು ಏನು ಹೇಳಿದ್ರು ಅಂತ ನನಗೆ ಅರ್ಧಾನೇ ಹೇಳಿದ್ದಾಳೆ. ತಕ್ಕಡಿ ಕಾಣುತ್ತೋ ಇಲ್ವೋ ನೋಡಿ ಫೋನ್ ಮಾಡು. ಕಾಣದಿದ್ರೆ ಬೇಕರಿ ಸಾಕು. ಮುಂದಿನ ಕೋಣೆ ಬಾಡಿಗೆಗೆ ಕೊಟ್ಟು ಅವಳನ್ನ ನಮ್ಮನೆಗೆ ಕರ್ಕೊಂಡು ಬರ್ತೀನಿ."

"ಅತ್ತೆ ಒಪ್ಪಿದ್ದಾಳಾ?"

"ಅವಳು ಯಾವತ್ತು ಯಾವುದಕ್ಕೆ ಒಪ್ಪಿದ್ದಾಳೆ?"

ಹೀಗೆ ನಾನು ಗೂಢಚಾರಿಣಿ. ಸಂಬಳವಿಲ್ಲ, ಬಿಸ್ಕತ್ತು ಇದೆ.

ಮಾರ್ಚ್ 5, ಮಂಗಳವಾರ

ಅತ್ತೆ ನನ್ನನ್ನು ನೇರ ನೋಡುವುದಿಲ್ಲ. ಕೋಳಿಯ ಹಾಗೆ ಕತ್ತು ಪಕ್ಕಕ್ಕೆ ತಿರುಗಿಸಿ ಓರೆಗಣ್ಣಿಂದ ನೋಡುತ್ತಾಳೆ. ಮೊದಲು ಸಿಟ್ಟೆಂದುಕೊಂಡೆ.

ತಕ್ಕಡಿ ಮೇಜಿನ ಮೇಲಿದೆ, ಕೆಂಪು ಅಂಕಿ ಮಿನುಗುವಂಥದ್ದು. ಅತ್ತೆ ಮೈದಾ ಸುರಿಯುತ್ತ, "ಓದೇ ಕೋತಿ, ನಿನ್ನ ಕಾಲೇಜು ವಿದ್ಯೆ ನೋಡೋಣ" ಎಂದಳು. ನಾನು ವಾರ್ತೆ ಓದುವವರ ಗಂಟಲಲ್ಲಿ, "ಮೈದಾ ಈಗ ನಾನೂರು ಗ್ರಾಂ ದಾಟಿದೆ, ಜನರು ಗಾಬರಿಯಾಗಬಾರದೆಂದು ಮನವಿ" ಎಂದೆಲ್ಲ ಓದಿದೆ. ಅತ್ತೆಗೆ ನಗು ಬಂತು. ಸಕ್ಕರೆಯ ಸರದಿ ಬಂದಾಗ ನನ್ನೊಳಗಿನ ಮಹಾಚೇತನ ಜಾಗೃತವಾಯಿತು. ಏಳುನೂರು ಇದ್ದದ್ದನ್ನು "ಮುನ್ನೂರು" ಎಂದೆ. ಅತ್ತೆ ಸುರಿಯುತ್ತಲೇ ಹೋದಳು. ಒಂಬೈನೂರಾಯಿತು. "ಮುನ್ನೂರೈವತ್ತು" ಎಂದೆ. ಸುರಿದಳು. ಸಕ್ಕರೆ ತಟ್ಟೆಯಿಂದ ಹೊರಗೆ ಚೆಲ್ಲಿತು.

ನಾನು ನಕ್ಕೆ. ಅತ್ತೆ ನಗಲಿಲ್ಲ. ಬೆರಳಿಂದ ತಟ್ಟೆಯ ಅಂಚು ಮುಟ್ಟಿದಳು, ಚೆಲ್ಲಿದ್ದನ್ನು ಮುಟ್ಟಿದಳು. ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತಳು.

"ತಕ್ಕಡಿ ಸುತ್ತ ಎಲ್ಲಾ ಕಾಣುತ್ತೆ ಕಣೇ. ಅಂಕಿ ಇರೋ ಜಾಗ ಮಾತ್ರ ಇಲ್ಲ. ಎಲ್ಲಿ ನೋಡ್ತೀನೋ ಅಲ್ಲೇ ಇಲ್ಲ. ಸರಿ, ಗೊತ್ತಾಯ್ತಲ್ಲ, ನಿಮ್ಮಪ್ಪನಿಗೆ ಫೋನ್ ಮಾಡು."

ಅವಳಿಗೆ ಗೂಢಚರ್ಯೆ ಮೊದಲೇ ಗೊತ್ತಿತ್ತು! ಎಂಥ ಅವಮಾನ.

ಫೋನ್ ಮಾಡಲಿಲ್ಲ. ಯಾಕೋ ಗೊತ್ತಿಲ್ಲ. ಚಾರ್ಜಂತೂ ಇತ್ತು.

ಮಾರ್ಚ್ 7, ಗುರುವಾರ

ಮಾತಾಡುವ ತಕ್ಕಡಿ ಎಂಬ ಪವಾಡ ಉಂಟಂತೆ. ಹೇಳಿದ್ದು ನರ್ಸಮ್ಮ. ಈಕೆ ಬೀದಿ ತುದಿಯ ಕ್ಲಿನಿಕ್ಕಿನವಳು, ದಿನಾ ಎರಡು ಬನ್ ಒಯ್ಯುತ್ತಾಳೆ, ನಾಲ್ಕು ಸುದ್ದಿ ಬಿಡುತ್ತಾಳೆ. ಕ್ಲಿನಿಕ್ಕಿನಲ್ಲಿ ಉಪಯೋಗಿಸದೆ ಬಿದ್ದಿದ್ದ ಒಂದನ್ನು ಸಂಜೆ ತಂದೂ ಕೊಟ್ಟಳು.

ತಕ್ಕಡಿ ಮಾತಾಡಿತು, ನಿಜ. ಯಾವ ದೇಶದ ಭಾಷೆಯೋ ಆ ದೇವರೇ ಬಲ್ಲ. ಅಂಕಿ ಹೇಳುತ್ತಿದೆಯೋ ಬಯ್ಯುತ್ತಿದೆಯೋ ತಿಳಿಯದು. ಹಿಟ್ಟು ಕಲಸುವ ಯಂತ್ರ ಶುರುವಾದರೆ ಅದೂ ಕೇಳದು. ಮೇಲಾಗಿ ಅತ್ತೆ ಮೈದಾ ತರಲು ಎರಡು ಹೆಜ್ಜೆ ಹೋಗಿ ಬರುವಷ್ಟರಲ್ಲಿ ಟಿಂಗ್ ಎಂದು ಮಲಗಿಬಿಡುತ್ತಿತ್ತು.

"ನನಗಿಂತ ಸೋಮಾರಿ ಇದು. ತಗೊಂಡೋಗಿ ರೋಗಿಗಳಿಗೇ ಕೊಡು" ಎಂದಳು ಅತ್ತೆ.

ಆಗ ನನಗೆ ಹೊಳೆಯಿತು. ಬೆಣ್ಣೆ ಪೊಟ್ಟಣದಲ್ಲೇ ತೂಕವಾಗಿ ಬರುತ್ತದೆ. ಮೊಟ್ಟೆಗೆ ಎಣಿಕೆ ಸಾಕು. ಹಾಲಿಗೆ ಲೀಟರಿನ ಚೊಂಬು ಇದೆ. ತಂಟೆಯೆಲ್ಲ ಪುಡಿಗಳದ್ದು: ಮೈದಾ, ಸಕ್ಕರೆ, ಕೋಕೋ. ಅವನ್ನು ತೂಗುವ ಬದಲು ಕಪ್ಪಿನಲ್ಲಿ ಅಳೆದರೆ? ತುಂಬಿತೋ ಇಲ್ಲವೋ ಬೆರಳಿಗೇ ತಿಳಿಯುತ್ತದೆ, ಕಣ್ಣು ಯಾಕೆ?

"ಕಪ್ಪಾ?" ಅತ್ತೆ ಮೂಗು ಮುರಿದಳು. "ಕಪ್ಪಲ್ಲಿ ಅಳೆಯೋದು ಭಾನುವಾರ ಹೊತ್ತು ಹೋಗದವರ ಕೆಲಸ. ಬೇಕರಿ ಅಂದ್ರೆ ತೂಕ."

"ತೂಕಾನೇ ಅತ್ತೆ. ಒಂದು ಕಪ್ ಎಷ್ಟು ಗ್ರಾಂ ಅಂತ ಒಂದ್ಸಲ ಗೊತ್ತಾದ್ರೆ ಮುಗೀತು. ಭಾಗಾಕಾರ. ಐದು ನಿಮಿಷದ ಕೆಲಸ."

ಐದು ನಿಮಿಷ ಎಂದು ನಾನೇ ಹೇಳಿದ್ದು. ದಾಖಲಾಗಲಿ.

ಮಾರ್ಚ್ 8, ಶುಕ್ರವಾರ

ಒಂದು ಕಪ್ ಮೈದಾ ಎಷ್ಟು ಗ್ರಾಂ ಎಂಬ ಬಗ್ಗೆ ನಾನು ರಚಿಸಿದ ಏಕಸದಸ್ಯ ಆಯೋಗದ ಮಧ್ಯಂತರ ವರದಿ:

ಫೋನಿನಲ್ಲಿ ಮೊದಲು ಸಿಕ್ಕವರು ನೂರಿಪ್ಪತ್ತು ಎಂದರು. ಎರಡನೆಯವರು ನೂರ ಇಪ್ಪತ್ತೈದು. ಮೂರನೆಯವರು ನೂರನಲವತ್ತು. ವೀಡಿಯೋದಲ್ಲಿ ಒಬ್ಬ ಹೆಂಗಸು ನಗುನಗುತ್ತಾ ನೂರೈವತ್ತು ಎಂದಳು, ಅವಳ ಕೇಕು ಮಾತ್ರ ಚೆನ್ನಾಗಿಯೇ ಉಬ್ಬಿತ್ತು. ಆಮೇಲೆ ತಿಳಿದದ್ದು, ಕಪ್ಪೇ ಎಲ್ಲ ಕಡೆ ಒಂದಲ್ಲ. ಒಂದು ಕಡೆಯದು ಇನ್ನೂರನಲವತ್ತು ಮಿಲಿ, ಇನ್ನೊಂದು ಕಡೆಯದು ಇನ್ನೂರೈವತ್ತು.

ಅದೇ ಕಪ್ಪಿಗೆ ಸಕ್ಕರೆ ಹಾಕಿದರೆ ಇನ್ನೂರು ಗ್ರಾಂ. ಕೋಕೋ ಹಾಕಿದರೆ ನೂರೂ ಇಲ್ಲ. ಕಪ್ಪು ಅದೇ, ಅಂಚು ಅದೇ, ತುಂಬಿದ್ದೂ ಅಷ್ಟೇ. ಇದನ್ನು ಅತ್ತೆಗೆ ಹೇಳಿದರೆ, "ಒಂದು ಚೀಲ ಹತ್ತೀನೂ ಒಂದು ಚೀಲ ಇಟ್ಟಿಗೇನೂ ಹೊತ್ತು ನೋಡು, ಗೊತ್ತಾಗುತ್ತೆ" ಎಂದಳು. ಗೊತ್ತಾಗುತ್ತದೆ ಸರಿ. ಆದರೆ ಮೈದಾ ಬೆಳಿಗ್ಗೆ ಹತ್ತಿ, ಮಧ್ಯಾಹ್ನ ಇಟ್ಟಿಗೆ ಆಗುವುದು ಹೇಗೆ? ನಾನೇ ಎರಡು ಸಲ ಅಳೆದು ತೂಗಿದೆ, ಎರಡು ಸಲ ಬೇರೆ ಬೇರೆ ಬಂತು.

ಆಯೋಗಕ್ಕೆ ತಲೆನೋವು. ಕೊನೆಗೆ ನೂರ ಇಪ್ಪತ್ತೈದು ಎಂದು ನಿಶ್ಚಯಿಸಿದೆ, ಭಾಗಿಸಲು ಸಲೀಸು ಎಂಬ ಘನ ಕಾರಣದಿಂದ.

ಮಾರ್ಚ್ 10, ಭಾನುವಾರ

ಕೇಕು ಮಾಡಿದೆವು. ಅರ್ಧ ಕಿಲೋ ಮೈದಾಕ್ಕೆ ನಾಲ್ಕು ಕಪ್. ನಾನು ಎಣಿಸಿದೆ, ಅತ್ತೆ ತುಂಬಿದಳು.

ಆ ಕೇಕನ್ನು ಸದ್ಯ ಹಿತ್ತಲ ಬಾಗಿಲಿಗೆ ಒತ್ತಾಗಿ ಇಟ್ಟಿದ್ದೇವೆ. ಗಾಳಿ ಎಷ್ಟೇ ಬೀಸಲಿ, ಬಾಗಿಲು ಅಲುಗುತ್ತಿಲ್ಲ.

ನರ್ಸಮ್ಮ ಚೂರು ಕಚ್ಚಿ, ದವಡೆ ಹಿಡಿದುಕೊಂಡು, "ಹಲ್ಲಿನ ಡಾಕ್ಟರಿಗೂ ಜೀವನ ಆಗ್ಬೇಕಲ್ಲ" ಎಂದು ಹೋದಳು.

ಅತ್ತೆ ಜಗಳ ಮಾಡಿದ್ದರೆ ಚೆನ್ನಾಗಿತ್ತು. ಮಾಡಲಿಲ್ಲ. ಒಲೆ ಆರಿಸಿ, "ನಾನು ಮಲಗ್ತೀನಿ" ಎಂದು ಮೇಲೆ ಹೋದಳು. ಮಧ್ಯಾಹ್ನ ಮೂರು ಗಂಟೆಗೆ ಅತ್ತೆ ಮಲಗುವುದು! ನನಗೆ ಕೆಳಗೆ ಏನು ಮಾಡಬೇಕೋ ತೋಚದೆ ಮೈದಾದ ಡಬ್ಬಿ ಮುಂದೆ ಕೂತು ಸುಮ್ಮನೆ ತುಂಬಿ ತುಂಬಿ ತೂಗಿದೆ. ನನ್ನ ಕಪ್ ನೂರಿಪ್ಪತ್ತರ ಆಸುಪಾಸು. ಹಾಗಾದರೆ ನಾಲ್ಕು ಕಪ್ ಸರಿಯಾಗಿಯೇ ಇರಬೇಕಿತ್ತಲ್ಲ?

ಅರ್ಥವಾಗುತ್ತಿಲ್ಲ. ಬರೆಯಲು ಬೇಜಾರು.

ಮಾರ್ಚ್ 11, ಸೋಮವಾರ

ಸಿಕ್ಕಿಬಿದ್ದಳು ಅಪರಾಧಿ! ಅತ್ತೆಯೇ!

ಬೆಳಿಗ್ಗೆ ಅವಳ ಕೈಗೆ ಕಪ್ ಕೊಟ್ಟು, "ನಿನ್ನೆ ಹೇಗೆ ತುಂಬಿದ್ಯೋ ಹಾಗೇ ತುಂಬು" ಎಂದೆ. ಕಪ್ಪನ್ನು ಡಬ್ಬಿಯೊಳಗೆ ಸಲಿಕೆಯ ಹಾಗೆ ನುಗ್ಗಿಸಿದಳು, ಮೇಲೆತ್ತಿದಳು, ಅಂಗೈಯಿಂದ ಮೇಲಿನದನ್ನು ತಟ್ಟಿ ತಟ್ಟಿ ಒತ್ತಿದಳು. ಮಗುವನ್ನು ಮಲಗಿಸುವ ಹಾಗೆ. ತೂಗಿದರೆ ನೂರೈವತ್ತೆಂಟು!

"ಯಾಕೆ ಒತ್ತೀಯ?"

"ಒತ್ತದೆ ತುಂಬಿತು ಅಂತ ಹೇಗೆ ಗೊತ್ತಾಗುತ್ತೆ? ಗಿರಾಕಿಗೆ ಮೋಸ ಮಾಡ್ಲಾ?"

ಇಷ್ಟು ವರ್ಷ ಬೇಕರಿ ನಡೆಸಿದವಳಿಗೆ ಕಪ್ ತುಂಬಲು ಬರುವುದಿಲ್ಲ. ಯಾಕೆ ಬರಬೇಕು? ತಕ್ಕಡಿಯೇ ಎಲ್ಲ ಹೇಳುತ್ತಿತ್ತಲ್ಲ. ಒತ್ತಿದರೂ ಅಷ್ಟೇ, ಉದುರಿಸಿದರೂ ಅಷ್ಟೇ. ತಕ್ಕಡಿಗೆ ಗಾಳಿ ಲೆಕ್ಕಕ್ಕಿಲ್ಲ. ಕಪ್ಪಿಗೆ ಗಾಳಿಯೇ ಲೆಕ್ಕ.

ನಾನು ಜಾಣೆ. ಹೊಸ ಸೂತ್ರ ಹಾಕಿದೆ: ಅತ್ತೆಯ ಕಪ್ಪೇ ಪ್ರಮಾಣ, ನೂರೈವತ್ತೆಂಟರಿಂದಲೇ ಭಾಗಿಸು. ಖಾತ್ರಿಗೆ ಇನ್ನೂ ಕೆಲವು ಸಲ ತುಂಬಿಸಿದೆ. ನೂರ ನಲವತ್ತಾರು. ನೂರ ಐವತ್ತೊಂದು. ಅಷ್ಟರಲ್ಲಿ ಅಪ್ಪನ ಫೋನ್ ಬಂತು. ಅತ್ತೆ ಕಪ್ ಹಿಡಿದೇ ಮಾತಾಡಿದಳು.

"ನನ್ನ ಕಣ್ಣು ನನಗೆ ಬಿಡು... ಯಾವ ಬಾಡಿಗೆದಾರ? ... ನಿನ್ನ ಹಿಂದಿನ ಕೋಣೇಲಿ ಕೂತು ನಾನೇನು ಟೀವಿಗೆ ಕಿವಿ ಕೊಡ್ಲಾ?"

ಆಗ ತುಂಬಿದ ಕಪ್ಪು ನೂರ ಎಪ್ಪತ್ತೊಂದು.

ಅಂದರೆ ಅಪ್ಪನ ಒಂದು ಫೋನ್ ಅಂದರೆ ಇಪ್ಪತ್ತು ಗ್ರಾಂ. ಈ ಪ್ರಮಾಣವನ್ನು ಯಾವ ಪಟ್ಟಿಯಲ್ಲೂ ಕೊಟ್ಟಿಲ್ಲ.

ನಗು ಬಂತು. ಆಮೇಲೆ ಅತ್ತೆ ಫೋನಿನಲ್ಲಿ ಕೊನೆಗೆ ಹೇಳಿದ್ದು ನೆನಪಾಗಿ ನಿಂತಿತು.

"ಇಪ್ಪತ್ನಾಲ್ಕನೇ ತಾರೀಕು ನೀನೇ ಬಾ. ನಿನ್ನ ಬಾಡಿಗೆದಾರನನ್ನೂ ಕರ್ಕೊಂಡು ಬಾ. ಒಂದು ಕೇಕು, ಒಂದು ತಟ್ಟೆ ಬಿಸ್ಕತ್ತು, ನಿನ್ನೆದುರಿಗೆ ನಾನೊಬ್ಬಳೇ ಮಾಡ್ತೀನಿ. ಯಾರ ಕಣ್ಣೂ ಬೇಡ, ಯಾರೂ ಬಾಯಿ ಹಾಕಬಾರದು. ಆಗದಿದ್ರೆ ಆವತ್ತೇ ಬೀಗದ ಕೈ ನಿನ್ನ ಕೈಗೆ."

ಇಂಥ ಪ್ರತಿಜ್ಞೆ ಮಾಡುವ ಮುಂಚೆ ಆಯೋಗದ ಅಭಿಪ್ರಾಯ ಕೇಳಬೇಡವೇ?

ಮಾರ್ಚ್ 13, ಬುಧವಾರ

ಚಮಚದಿಂದ ಮೆಲ್ಲಗೆ ತುಂಬು, ಒತ್ತಬೇಡ, ಮೇಲಿನದನ್ನು ಮರದ ಪಟ್ಟಿಯಿಂದ ಸವರು. ಪುಸ್ತಕದ ವಿಧಾನ ಇದು.

"ಚಮಚದಲ್ಲಿ ಉಣಿಸೋಕೆ ಇದೇನು ಹಸುಗೂಸಾ?" ಎಂದು ಅತ್ತೆ ಎರಡು ಚಮಚ ಹಾಕಿದಳು, ಮೂರನೆಯದಕ್ಕೆ ಅಭ್ಯಾಸಬಲದಿಂದ ತಟ್ಟಿದಳು. "ತಟ್ಟಬೇಡ!" ಎಂದೆ. "ತಟ್ಟಲಿಲ್ಲ!" ಎಂದಳು. ತಟ್ಟುತ್ತಲೇ ಹೇಳಿದಳು. ದಿನವೆಲ್ಲ ಇದೇ. ನಮ್ಮಿಬ್ಬರ ಗಂಟಲೂ ಹೋಯಿತು.

ಕಾಲೇಜಿನಿಂದ ಫೋನ್. ಕ್ಷಮಾಪಣೆ ಬರೆದುಕೊಟ್ಟರೆ ಸೋಮವಾರದಿಂದ ಬರಬಹುದಂತೆ. ಜ್ವರ ಎಂದೆ.

ಮಾರ್ಚ್ 14, ಗುರುವಾರ

ಜರಡಿ!

ಕಪ್ಪನ್ನು ತಟ್ಟೆಯ ಮೇಲಿಟ್ಟು ಅದರ ಮೇಲೆಯೇ ಜರಡಿ ಆಡಿಸಿದರೆ ಮೈದಾ ತಾನೇ ಹಗುರಾಗಿ ಬೀಳುತ್ತದೆ. ಗುಡ್ಡವಾಗುವವರೆಗೆ ಬೀಳಲಿ. ಕಪ್ ಮುಟ್ಟಬೇಡ. ಆಮೇಲೆ ಮರದ ಪಟ್ಟಿಯಿಂದ ಒಂದೇ ಸಲ ಸವರು. ಕೈಗೆ ತಟ್ಟಲು ಅವಕಾಶವೇ ಇಲ್ಲ, ಏಕೆಂದರೆ ಎರಡೂ ಕೈ ಜರಡಿ ಹಿಡಿದಿರುತ್ತವೆ. ನನ್ನದು ನೂರ ಹದಿನಾಲ್ಕು. ಅತ್ತೆಯದು ನೂರ ಹದಿನೈದು. ಮತ್ತೆ ಅತ್ತೆಯದು ನೂರ ಹದಿಮೂರು. ಬೇಕೆಂದೇ ಅವಳ ಮುಂದೆ ಅಪ್ಪನ ಹೆಸರೆತ್ತಿ ಮೂರು ನಿಮಿಷ ಹೊಗಳಿದೆ. ಹಲ್ಲು ಕಚ್ಚಿಕೊಂಡು ಜರಡಿ ಆಡಿಸಿದಳು. ನೂರ ಹದಿನೈದು!

ನಾವಿಬ್ಬರೂ ಕುಣಿದೆವು. ಅತ್ತೆ ಮಂಡಿ ನೋವೆಂದು ನಿಂತಳು, ನಾನು ಮುಂದುವರಿಸಿದೆ.

ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಒಂದು ದೊಡ್ಡ ಕೇಕಿಗೆ ಅತ್ತೆಗೆ ಬೇಕಾದದ್ದು ಒಂದೂವರೆ ಕಿಲೋ ಮೈದಾ, ಅಂದರೆ ಹದಿಮೂರು ಕಪ್ಪಾಗಿ ಇನ್ನೂ ಒಂಚೂರು. ಆ ಚೂರನ್ನು ಬೆರಳಿಗೆ ಹೇಗೆ ಹೇಳುವುದು? ಎಂಟನೆಯ ಕಪ್ಪಿಗೆ ಯಾರೋ "ಬನ್ ಇದೆಯಾ" ಎಂದು ಕೂಗುತ್ತಾರೆ. ಬಂದು ನೋಡಿದರೆ ಅದು ಎಂಟನೆಯದೋ ಒಂಬತ್ತನೆಯದೋ?

ಒಂದೂವರೆ ಕಿಲೋ ಹಿಡಿಯುವ ಒಂದೇ ಕಪ್ ಇದ್ದಿದ್ದರೆ.

ಮಾರ್ಚ್ 16, ಶನಿವಾರ

ಡಬ್ಬಿ ರಿಪೇರಿಯವನ ಅಂಗಡಿ ಊರಿನ ಆ ತುದಿಯಲ್ಲಿದೆ. ತಗಡು, ಬೆಸುಗೆ, ಹೊಗೆ, ಕಿವಿಯ ಮೇಲೆ ಪೆನ್ಸಿಲ್ ಇಟ್ಟ ಒಬ್ಬ ಮನುಷ್ಯ. ಮೈದಾಕ್ಕೊಂದು ಡಬ್ಬಿ, ಸಕ್ಕರೆಗೊಂದು ಡಬ್ಬಿ, ಅಂಚಿನವರೆಗೆ ತುಂಬಿ ಸವರಿದರೆ ಒಂದು ಕೇಕಿಗೆ ಬೇಕಾದಷ್ಟೇ ಹಿಡಿಯಬೇಕು. ಇದು ನನ್ನ ಯೋಜನೆ. ಉದ್ದ ಡಬ್ಬಿಯೊಂದಕ್ಕೆ ಒಂದೂವರೆ ಕಿಲೋ ಮೈದಾ ಜರಡಿ ಹಿಡಿದು ತುಂಬಿ, ಎಲ್ಲಿಗೆ ಮುಟ್ಟಿದೆಯೋ ಅಲ್ಲಿಗೆ ಕತ್ತರಿಸಲು ಹೇಳಬೇಕೆಂದು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಅವನು ಒಳಗೆ ಬೆರಳು ಬಿಟ್ಟು ಗೀಟು ಎಳೆದ, ಕತ್ತರಿಸಿದ, ಅಂಚು ಮಡಿಸಿದ.

ಮನೆಗೆ ತಂದು ಅತ್ತೆ ತುಂಬಿ ಸವರಿದರೆ ಸಾವಿರದ ಇನ್ನೂರು ಮಾತ್ರ.

ಮುನ್ನೂರು ಗ್ರಾಂ ಎಲ್ಲಿ ಹೋಯಿತು? ಡಬ್ಬಿ ತೂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದೆ. ತಕ್ಕಡಿಯ ಮೇಲೆ ಅನುಮಾನ ಬಂತು. ಡಬ್ಬಿಯವನ ಮೇಲೆ ಬಂತು. ನಾನು ಓದಿದ ಗಣಿತದ ಮೇಲೂ ಬಂತು.

ಅತ್ತೆ ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತಾ, "ಆಟೋದವನು ಹೇಗೆ ಓಡಿಸಿದ?" ಎಂದಳು.

"ಕುದುರೆ ಓಡಿಸಿದ ಹಾಗೆ."

"ಮತ್ತೆ."

ಗುಂಡಿಗುಂಡಿಗೂ ಮೈದಾ ಕುಳಿತುಕೊಂಡು ಬಂದಿತ್ತು. ಅಷ್ಟೂ ದಾರಿ ನನ್ನ ತೊಡೆಯ ಮೇಲೆಯೇ ಇದ್ದರೂ ನನಗೆ ಗೊತ್ತಾಗಲಿಲ್ಲ.

ಮಾರ್ಚ್ 18, ಸೋಮವಾರ

ಇಂದು ಜರಡಿ, ಮೈದಾ, ತಕ್ಕಡಿ, ಅತ್ತೆ ಎಲ್ಲವನ್ನೂ ಡಬ್ಬಿ ಅಂಗಡಿಗೇ ಸಾಗಿಸಿದೆ.

"ಇಲ್ಲಿ ಜರಡಿ ಆಡಿಸ್ತೀರಾ? ನನ್ನ ಅಂಗಡಿ ಏನು ಅಡುಗೆಮನೆನಾ?"

"ಹತ್ತು ನಿಮಿಷ ಅಣ್ಣಾ. ಬೆಸುಗೆ ಆರಿಸು, ಇಲ್ದಿದ್ರೆ ಇವಳು ಹೊತ್ತಿಕೊಂಡು ಉರೀತಾಳೆ" ಎಂದಳು ಅತ್ತೆ ನನ್ನ ಕಡೆ ತೋರಿಸಿ.

ಅವನು ಸೀನುತ್ತ ಗೀಟು ಎಳೆದ. ಅತ್ತೆ ಸೀನುತ್ತ ಜರಡಿ ಆಡಿಸಿದಳು. ನಾನು ಸೀನುತ್ತ ಅಂಕಿ ಓದಿದೆ, ಇದ್ದದ್ದನ್ನು ಇದ್ದ ಹಾಗೆ. ಮೂವರೂ ಬಿಳಿ ಗಡ್ಡದ ಋಷಿಗಳಾದೆವು. ಸಕ್ಕರೆಯ ಡಬ್ಬಿಗೆ ಇಷ್ಟು ತಂಟೆಯಿಲ್ಲ, ಸಕ್ಕರೆ ಮರ್ಯಾದಸ್ಥ ವಸ್ತು, ಕುಲುಕಿದರೂ ಹೆಚ್ಚು ಕುಗ್ಗುವುದಿಲ್ಲ. ಮೈದಾದ ಅಂಚಿಗೆ ಒಂದು ಕಚ್ಚು, ಸಕ್ಕರೆಗೆ ಎರಡು, ಬಿಸ್ಕತ್ತಿನ ಮೈದಾಕ್ಕೆ ಮೂರು, ಬಿಸ್ಕತ್ತಿನ ಸಕ್ಕರೆಗೆ ನಾಲ್ಕು. ಹೆಬ್ಬೆರಳಿಗೆ ತಿಳಿಯುತ್ತದೆ.

ಅಂಗಡಿಯವನು ಬೆವರು ಒರೆಸಿ, "ನಿಮ್ಮ ಅತ್ತೆಗೆ ಪೂರ್ತಿ ಕಾಣಲ್ವಾ?" ಎಂದು ನನ್ನ ಕಿವಿಯಲ್ಲಿ ಕೇಳಿದ.

"ಕಿವಿ ಪೂರ್ತಿ ಕೇಳುತ್ತೆ" ಎಂದಳು ಅತ್ತೆ.

ಮಾರ್ಚ್ 21, ಗುರುವಾರ

ದಿನಾ ಒಂದು ಕೇಕು. ಮೊನ್ನೆಯದು ಚೆನ್ನಾಗಿತ್ತು. ನಿನ್ನೆಯದು ಒಣಕಲು. ಇಂದಿನದು ಮತ್ತೆ ಚೆನ್ನಾಗಿದೆ. ನಿನ್ನೆ ಏನಾಯಿತು? ಗಾಳಿ ತೇವವೇ? ಹೊಸ ಚೀಲವೇ? ಮೊಟ್ಟೆ ಚಿಕ್ಕದೇ? ಅತ್ತೆ, "ಕೇಕಿಗೂ ಒಂದೊಂದು ದಿನ ಮನಸ್ಸಿರಲ್ಲ" ಎನ್ನುತ್ತಾಳೆ. ಇದು ವಿಜ್ಞಾನವಲ್ಲ ಎಂದೆ. "ವಿಜ್ಞಾನ ತಿನ್ನು ಹಾಗಾದ್ರೆ" ಎಂದಳು.

ನರ್ಸಮ್ಮ ಎರಡು ಹೋಳು ಕೇಳಿ ತಿಂದಳು. ಇದನ್ನು ಆಶಾಕಿರಣ ಎಂದು ಕರೆಯಬಹುದೇನೋ.

ಅಮ್ಮ ಫೋನ್ ಮಾಡಿ, "ಏನೇ, ಅಲ್ಲಿ ಏನಾದ್ರೂ ಕಿತಾಪತಿ ಮಾಡಿದ್ಯಾ?" ಎಂದಳು. ಯೋಚಿಸಿದೆ. ನೆನಪಾಗಲಿಲ್ಲ. ಪುರುಸೊತ್ತಾಗಿರಲಿಲ್ಲ.

ಮಾರ್ಚ್ 24, ಭಾನುವಾರ

ಒಂಬತ್ತಕ್ಕೆ ಅಪ್ಪ ಬಂದರು. ಜೊತೆಗೆ ಫೋನ್ ರಿಪೇರಿ ಅಂಗಡಿ ಇಡಬೇಕೆಂದಿರುವ ಬಾಡಿಗೆದಾರ. ಬಂದವನೇ ಜೇಬಿನಿಂದ ಟೇಪು ತೆಗೆದು ಗಾಜಿನ ಕಪಾಟಿನ ಹಿಂದಿನ ಗೋಡೆ ಅಳೆಯತೊಡಗಿದ.

"ಸ್ವಲ್ಪ ತಾಳಪ್ಪ. ಒಲೆ ಇನ್ನೂ ಬಿಸಿಯಾಗಿದೆ" ಎಂದಳು ಅತ್ತೆ.

ಕರಾರಿನ ಪ್ರಕಾರ ನಾನೂ ಅಪ್ಪನೂ ಗಾಜಿನ ಈಚೆ ಬೆಂಚಿನ ಮೇಲೆ. ಒಳಗೆ ಅತ್ತೆ ಒಬ್ಬಳೇ. ಮಾತಾಡಕೂಡದು. ನನಗೆ ಮಾತಾಡದೆ ಕೂರುವುದೆಂದರೆ ಏನೆಂದು ಅಪ್ಪನಿಗೆ ಗೊತ್ತು. ಎರಡು ಸಲ ನನ್ನ ಕಡೆ ನೋಡಿದರು.

ಬಿಸ್ಕತ್ತು ಮೊದಲು. ಜರಡಿಯ ಸದ್ದು, ಪಟ್ಟಿ ಸವರುವ ಸದ್ದು. ಅತ್ತೆ ಕಣ್ಣು ಮುಚ್ಚಿಕೊಂಡೇ ಇದ್ದಳು, ಅದು ನನಗೇ ಹೊಸದು. ತಟ್ಟೆ ಒಲೆಗೆ ಹೋಯಿತು. ವಾಸನೆ ಬಂದ ಕೂಡಲೆ ಹೊರಗೆ ಬಂತು. ಬಾಡಿಗೆದಾರ ಅಳತೆ ನಿಲ್ಲಿಸಿ ಮೂಗು ಎತ್ತಿದ.

ಆಮೇಲೆ ಕೇಕು. ಮೈದಾ ಸರಿ. ಸಕ್ಕರೆ ಸರಿ, ಪಾತ್ರೆಗೆ ಸುರಿದಳು. ಆಗ ನರ್ಸಮ್ಮ ಬಂದು ಗಾಜು ಕುಟ್ಟಿ, "ಅಕ್ಕಾ, ಎರಡು ಬನ್!" ಎಂದಳು. ಅತ್ತೆ ಕೈ ಒರೆಸಿ, ಬಂದು, ಬನ್ ಕೊಟ್ಟು, ಅವಳ ಸೊಸೆಯ ವಿಷಯ ಅರ್ಧ ಕೇಳಿ, ಒಳಗೆ ಹೋದಳು. ಹೆಬ್ಬೆರಳಿಂದ ಅಂಚು ಸವರಿದಳು. ಎರಡು ಕಚ್ಚು. ಸಕ್ಕರೆ ತುಂಬಿದಳು. ಪಟ್ಟಿ ಸವರಿದಳು. ಸುರಿದಳು.

ಎರಡನೆಯ ಸಲ.

ಒಂದು ಕೆಮ್ಮು ಕೆಮ್ಮಿದ್ದರೆ ಸಾಕಿತ್ತು. ಕೆಮ್ಮಲು ಬಾಯಿಯನ್ನೂ ತೆರೆದೆ. ಬೆಂಚಿನ ಅಂಚು ಹಿಡಿದುಕೊಂಡೆ. ಕಾಲು ಒಂದೇ ಸಮನೆ ಕುಣಿಯುತ್ತಿತ್ತು. ಅಪ್ಪ "ಏನಮ್ಮಾ?" ಎಂದರು. "ಜೋಮು" ಎಂದೆ. ಯಾಕೆ ಹೇಳಲಿಲ್ಲ? ಯಾಕೆ ಕೆಮ್ಮಲಿಲ್ಲ? ಈಗಲೂ ತಿಳಿಯುತ್ತಿಲ್ಲ. ಇಷ್ಟು ದಿನ ಕೇಳಿದವರಿಗೂ ಕೇಳದವರಿಗೂ ಕೂಗಿ ಹೇಳಿದ ಬಾಯಿ ಇದೇ.

ಒಲೆಯ ಬಾಗಿಲು ಮುಚ್ಚಿತು. ಅಪ್ಪ ಬಿಸ್ಕತ್ತು ತಿನ್ನುತ್ತಿದ್ದರು. ನಾನು ನನ್ನದನ್ನು ತಟ್ಟೆಗೆ ವಾಪಸ್ ಇಟ್ಟೆ.

ಸ್ವಲ್ಪ ಹೊತ್ತಿಗೇ ಅತ್ತೆ ಒಲೆಯ ಹತ್ತಿರ ಹೋಗಿ ನಿಂತಳು. ಮೂಗು ಅರಳಿಸಿದಳು. ಇಷ್ಟು ಬೇಗ ಕಂದು ವಾಸನೆ ಬರಬಾರದು. ಬಾಗಿಲು ತೆಗೆದು ಕೇಕನ್ನು ಎಳೆದು, ಬಟ್ಟೆ ಸುತ್ತಿದ ಅಂಗೈಯನ್ನು ಮೇಲೆ ಆಡಿಸಿದಳು. ನಡುವೆ ಗುಂಡಿ ಬಿದ್ದಿತ್ತು. ಮೇಲೆಲ್ಲ ಗಾಜಿನ ಹಾಗೆ ಚಟಪಟ.

ಅಪ್ಪ ಎದ್ದರು. "ಅಕ್ಕಾ..."

"ಕೂತ್ಕೋ. ಸಕ್ಕರೆ ಎರಡು ಸಲ ಬಿದ್ದಿದೆ." ಯಾರನ್ನೂ ಕೇಳದೆ ಅವಳೇ ಹೇಳಿದಳು. "ಇದು ಹೋಯಿತು. ಇನ್ನೊಂದು ಮಾಡ್ತೀನಿ."

"ಆದ್ರೆ ಕರಾರು..."

"ಕರಾರು ಏನಂದೆ ನಾನು? ಒಬ್ಬಳೇ ಮಾಡ್ತೀನಿ ಅಂದೆ. ತಪ್ಪೇ ಮಾಡಲ್ಲ ಅಂದ್ನಾ? ಕಣ್ಣಿದ್ದಾಗ ಎಷ್ಟು ಕೇಕು ಸುಟ್ಟಿದ್ದೀನಿ, ಚಿಕ್ಕವನಿದ್ದಾಗ ಅದನ್ನೆಲ್ಲಾ ತಿಂದವನು ನೀನೇ ಅಲ್ವಾ?"

ಮತ್ತೆ ಮೈದಾ. ಸುರಿದಾದ ಮೇಲೆ ಆ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಇದು ನಾವು ಅಭ್ಯಾಸ ಮಾಡಿದ್ದಲ್ಲ, ನನ್ನ ಆಯೋಗಕ್ಕೆ ಹೊಳೆದದ್ದೂ ಅಲ್ಲ. ಸಕ್ಕರೆ ಸುರಿದಳು, ಡಬ್ಬಿ ಬೋರಲು. ಆಗಲೇ ಬಾಡಿಗೆದಾರ ಬೇಕೆಂದೋ ತಿಳಿಯದೆಯೋ ಒಂದು ಪ್ರಶ್ನೆ ಕೇಳಿದ, "ಅಮ್ಮಾ, ಇಲ್ಲಿ ಪ್ಲಗ್ ಪಾಯಿಂಟ್ ಎಷ್ಟಿವೆ?" ಅತ್ತೆ ಉತ್ತರ ಹೇಳಿ, ತಿರುಗಿ ಬಂದು, ಕೈ ಚಾಚಿ ಡಬ್ಬಿಗಳ ತಳ ಮುಟ್ಟಿ ನೋಡಿದಳು. ಬೋರಲು, ಬೋರಲು. ಮೊಟ್ಟೆಗೆ ಕೈ ಹಾಕಿದಳು.

ಕೇಕು ಹೊರಬಂದಾಗ ಅಪ್ಪ ಒಂದು ಹೋಳು ತಿಂದರು. ಆಮೇಲೆ ಇನ್ನೊಂದು. ನನ್ನನ್ನು ಹೊರಗೆ ಕರೆದರು.

"ಎರಡನೇ ಸಲ ಸಕ್ಕರೆ ಹಾಕೋದನ್ನ ನೀನು ನೋಡಿದ್ಯಾ?"

"ನೋಡಿದೆ."

"ಹೇಳಲಿಲ್ಲ ಯಾಕೆ?"

"ಗೊತ್ತಿಲ್ಲ ಅಪ್ಪ."

ಅಪ್ಪ ಬೀದಿ ನೋಡುತ್ತ ನಿಂತರು. "ನೀನು ಒಂದು ಸನ್ನೆ ಮಾಡಿದ್ರೂ ನಾನು ಇವತ್ತು ಬೀಗದ ಕೈ ಇಸ್ಕೊಂಡು ಹೋಗ್ತಿದ್ದೆ" ಎಂದರು. ಆಮೇಲೆ ಒಳಗೆ ಹೋಗಿ ಬಾಡಿಗೆದಾರನ ಹೆಗಲ ಮೇಲೆ ಕೈಯಿಟ್ಟು, "ನಿಮಗೆ ಬೇರೆ ಕಡೆ ಒಳ್ಳೆ ಜಾಗ ನೋಡೋಣ" ಎಂದರು. ಅವನ ಬಾಯಿ ತುಂಬಾ ಕೇಕಿತ್ತು. ತಲೆಯಾಡಿಸಿದ.

ಹೊರಡುವಾಗ ಅತ್ತೆ ಗುಂಡಿ ಬಿದ್ದ ಕೇಕನ್ನು ಕಾಗದದಲ್ಲಿ ಸುತ್ತಿ ಅಪ್ಪನ ಕೈಗಿಟ್ಟಳು.

"ಇದು ನಿನಗೆ. ನಿನ್ನ ಬಾಯಿ ಸಿಹಿಯಾಗಲಿ."

"ಇವಳನ್ನ ಕರ್ಕೊಂಡು ಹೋಗ್ಲಾ?" ಎಂದು ಅಪ್ಪ ನನ್ನ ಕಡೆ ಕೈ ತೋರಿದರು.

"ನಾಳೆ ಸಂಜೆ ಬಸ್ಸಿಗೆ ಕಳಿಸ್ತೀನಿ. ಎಷ್ಟು ದಿನ ಅಂತ ಜ್ವರ ಇರುತ್ತೆ?"

ಜ್ವರದ ವಿಷಯ ನಾನು ಅವಳಿಗೆ ಹೇಳಿರಲೇ ಇಲ್ಲ.

ಮಾರ್ಚ್ 25, ಸೋಮವಾರ

ಎಚ್ಚರವಾದಾಗ ಬಿಸಿಲು ಗೋಡೆಗೆ ಬಂದಿತ್ತು. ಗಾಬರಿಯಾಗಿ ಎದ್ದು ಕೂತೆ. ದಿನಾ "ಏಳೇ ಕೋತಿ" ಎಂಬ ಕೂಗು ಬರುತ್ತದೆ. ಇಂದು ಬಂದಿಲ್ಲ. ಕೆಳಗಿಂದ ಜರಡಿಯ ಸದ್ದು, ಆಮೇಲೆ ಪಟ್ಟಿಯ ಸದ್ದು, ಆಮೇಲೆ ಡಬ್ಬಿ ಬೋರಲು ಬಿದ್ದ ಸದ್ದು. ಅತ್ತೆ ಯಾವುದೋ ಹಾಡು ಗುನುಗುತ್ತಿದ್ದಳು, ಶ್ರುತಿ ಸೇರದೆ.

ಖುಷಿಯಾಗಬೇಕಿತ್ತು. ಆಯಿತು ಅಂತ ಕಾಣುತ್ತದೆ.

ಕೆಳಗೆ ಹೋದೆ. "ಕರೀಲಿಲ್ವಲ್ಲ?"

"ಯಾಕೆ ಕರೀಲಿ? ಏನು ಕೆಲಸ ಇತ್ತು ನಿಂಗೆ?" ಎಂದಳು, ಕತ್ತು ಓರೆ ಮಾಡಿ ನನ್ನನ್ನು ನೋಡುತ್ತ. "ತಟ್ಟೆ ಅಲ್ಲಿದೆ. ತಿನ್ನು."

ಒಂದು ಬಿಸ್ಕತ್ತು ತೆಗೆದುಕೊಂಡೆ. ಸಕ್ಕರೆ ಹೆಚ್ಚಿರಬಹುದು, ಮೈದಾ ಗಟ್ಟಿಯಿರಬಹುದು, ಉಪ್ಪು ಬಿಟ್ಟಿರಬಹುದು. ಒಂದು ತಪ್ಪಾದರೂ ಇರಲಿ ಎಂದು ನಿಧಾನವಾಗಿ, ಬಹಳ ನಿಧಾನವಾಗಿ ಅಗಿದೆ.

ಇರಲಿಲ್ಲ. ಇನ್ನೊಂದು ತಿಂದು ನೋಡಿದೆ. ಅದರಲ್ಲೂ ಇರಲಿಲ್ಲ.